ದಾನಿಗಳ ನಕ್ಷೆಯಲ್ಲಿ ಗುಳೆಯ ದಾರಿ

ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗಿನಿಂದ ದೊಡ್ಡ ಕಂಪನಿಗಳು ತಮ್ಮ ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಮಾಜಕ್ಕಾಗಿ ಖರ್ಚು ಮಾಡಬೇಕು. ಆ ಹಣವನ್ನು ಎಲ್ಲಿ, ಯಾರ ಮೂಲಕ ಖರ್ಚು ಮಾಡುವುದೆಂದು ತೀರ್ಮಾನಿಸಲು ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ವಿಭಾಗಗಳೂ ದಾನಿ ಸಂಸ್ಥೆಗಳೂ ‘ಎಕೋಸಿಸ್ಟಂ ಮ್ಯಾಪಿಂಗ್’ ಮಾಡಿಸುತ್ತವೆ. ಒಂದು ಸಮಸ್ಯೆಯ ಸುತ್ತ ಯಾವ ಇಲಾಖೆ, ಯಾವ ಎನ್‌ಜಿಒ ಕೆಲಸ ಮಾಡುತ್ತಿದೆ, ಎಲ್ಲಿ ಒಂದೇ ಕೆಲಸಕ್ಕೆ ಇಬ್ಬರು ದುಡ್ಡು ಕೊಡುತ್ತಿದ್ದಾರೆ, ಎಲ್ಲಿ ಯಾರೂ ಇಲ್ಲ ಎಂಬುದನ್ನು ಒಂದೇ ನಕ್ಷೆಯಲ್ಲಿ ತೋರಿಸುವ ವಿಧಾನ ಇದು.

ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ. 2002ರ ಡಿ.ಎಂ. ನಂಜುಂಡಪ್ಪ ಸಮಿತಿ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳನ್ನು ಅಳೆದು 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದಿತು. ಕಲಬುರಗಿ ಭಾಗದ ತಾಲ್ಲೂಕುಗಳ ಜೊತೆಗೆ ಬೆಂಗಳೂರಿನ ಮಗ್ಗುಲಿನ ಕನಕಪುರ, ಮಾಗಡಿಯೂ ಆ ಪಟ್ಟಿಯಲ್ಲಿದ್ದವು. ಜಿಲ್ಲೆಯ ಸರಾಸರಿಯನ್ನಷ್ಟೇ ನೋಡುವವರ ಕಣ್ಣಿಗೆ ಇವು ಬೀಳುವುದೇ ಇಲ್ಲ. ಅಳತೆ ಹತ್ತಿರದಿಂದ ಆದರೆ ಹಣ ಹೋಗುವ ದಾರಿಯೂ ಬದಲಾಗಬಹುದು.

ಆದರೆ ಈಗಿನ ನಕ್ಷೆಗಳು ಸಂಸ್ಥೆಗಳನ್ನು ಎಣಿಸುತ್ತವೆ, ಸಂಬಂಧಗಳನ್ನು ಬಿಡುತ್ತವೆ. ಯಾದಗಿರಿಯ ಅಪೌಷ್ಟಿಕತೆಯನ್ನೇ ತೆಗೆದುಕೊಳ್ಳಿ. ನಕ್ಷೆಯಲ್ಲಿ ‘ಸರ್ಕಾರ’ ಎಂದು ಒಂದೇ ಚೌಕ. ಊರಿನಲ್ಲಿ ನೋಡಿದರೆ ಅಂಗನವಾಡಿ ಒಂದು ಇಲಾಖೆಯದು, ಆಶಾ ಕಾರ್ಯಕರ್ತೆ ಆರೋಗ್ಯ ಇಲಾಖೆಯವರು, ಉದ್ಯೋಗ ಖಾತ್ರಿ ಕೆಲಸ ಪಂಚಾಯಿತಿಯದು. ಮಗುವಿನ ತೂಕ ಇಳಿದ ಸುದ್ದಿ ಇವರೆಲ್ಲರಿಗೂ ಮುಟ್ಟುತ್ತದೆಯೇ ಎಂಬುದೇ ಅಲ್ಲಿನ ನಿಜವಾದ ಪ್ರಶ್ನೆ. ಊರಲ್ಲಿ ಕೂಲಿ ಸಿಗದೆ ತಾಯಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೊರಟರೆ ಮಗುವೂ ಹೊರಡುತ್ತದೆ. ಊರಿನ ಅಂಗನವಾಡಿಯ ಹಾಜರಿಯಲ್ಲಿ ಅದು ಗೈರು. ಬೆಂಗಳೂರಿನಲ್ಲಿ ಅವರು ಉಳಿಯುವ ತಗಡಿನ ಶೆಡ್ಡಿನ ಹತ್ತಿರದ ಅಂಗನವಾಡಿಯಲ್ಲಿ ಎಷ್ಟೋ ಸಲ ಅದರ ಹೆಸರೇ ಇರುವುದಿಲ್ಲ. ಒಬ್ಬನೇ ದಾನಿ ಎರಡೂ ಕಡೆ ಅನುದಾನ ಕೊಟ್ಟಿದ್ದರೂ ನಕ್ಷೆಯಲ್ಲಿ ಕಾಣುವುದು ಎರಡು ಚುಕ್ಕಿ ಮಾತ್ರ. ಆ ಮಗು ಬಂದ ಬಸ್ಸಿನ ದಾರಿಗೆ ಅಲ್ಲಿ ಗೆರೆಯಿಲ್ಲ, ಬಜೆಟ್ಟಿನಲ್ಲಿ ಬಾಬೂ ಇಲ್ಲ.

ನೋಂದಣಿಯದು ಇನ್ನೊಂದು ತೊಡಕು. ಪಟ್ಟಿ ತಯಾರಿಸುವವರು ನೋಂದಾಯಿತ ಸಂಸ್ಥೆಗಳಿಂದಲೇ ಶುರು ಮಾಡುತ್ತಾರೆ; ಇಂಗ್ಲಿಷಿನಲ್ಲಿ ಪ್ರಪೋಸಲ್ ಬರೆಯಬಲ್ಲವರು ದೊಡ್ಡದಾಗಿ ಕಾಣುತ್ತಾರೆ. ಆದರೆ ನಮ್ಮ ರಾಜ್ಯದಲ್ಲೇ ಆದ ಒಂದು ಕೆಲಸ ನೆನೆಯಬೇಕು. 1980ರ ದಶಕದ ನಡುವೆ ಮೈರಾಡಾ ಎಂಬ ಸ್ವಯಂಸೇವಾ ಸಂಸ್ಥೆ ಬೆಂಬಲಿಸಿದ್ದ ದೊಡ್ಡ ಸಹಕಾರ ಸಂಘಗಳು ಒಡೆದಾಗ, ಸದಸ್ಯರು ಪರಸ್ಪರ ನಂಬುವವರ ಸಣ್ಣ ಗುಂಪುಗಳಾಗಿ ಕೂಡಿಕೊಂಡರು. ಅವಕ್ಕೆ ನೋಂದಣಿ ಇರಲಿಲ್ಲ. 1987ರಲ್ಲಿ ನಬಾರ್ಡ್ ಅಂಥ ಗುಂಪುಗಳಿಗಾಗಿ ಮೈರಾಡಾಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಾಯೋಗಿಕ ಯೋಜನೆ ಬಂತು. ಸ್ವಸಹಾಯ ಸಂಘಗಳು ಬೆಳೆದದ್ದು ಹೀಗೆ. ಇಂದಿನ ಮಾನದಂಡದಲ್ಲಿ ಆ ಗುಂಪುಗಳಿಗೆ ಒಂದು ಚುಕ್ಕಿಯ ಜಾಗವೂ ಸಿಗುತ್ತಿರಲಿಲ್ಲ. ಅದೇ ಮೈರಾಡಾ 1990ರ ಸುಮಾರಿಗೆ ಹಳ್ಳಿಯವರಿಂದಲೇ ನೆಲದ ಮೇಲೆ ರಂಗೋಲಿ ಪುಡಿ, ಕಾಳು, ಕಲ್ಲುಗಳಲ್ಲಿ ಊರಿನ ನಕ್ಷೆ ಬರೆಸುತ್ತಿತ್ತು. ತಪ್ಪಿದ್ದರೆ ಸುತ್ತ ನಿಂತವರು ಅಲ್ಲೇ ತಿದ್ದುತ್ತಿದ್ದರು. ಇಂದು ದಾನಿಗಳಿಗೆ ನಕ್ಷೆ ಮಾಡಿಕೊಡುವ ಕನ್ಸಲ್ಟೆಂಟ್‌ನ ಸ್ಲೈಡಿನಲ್ಲಿ ಆ ತಿದ್ದುಪಡಿಗೆ ಅವಕಾಶವಿಲ್ಲ.

ನಕ್ಷೆ ಚೆನ್ನಾಗಿದ್ದರೂ ಹಣ ಹರಿಯಲು ದಾರಿ ಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ತಂದ ತಿದ್ದುಪಡಿ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವುದನ್ನೇ ನಿಷೇಧಿಸಿತು. ದೊಡ್ಡ ಸಂಸ್ಥೆಯ ಮೂಲಕ ಸಣ್ಣ ಸಂಘಕ್ಕೆ ಹೋಗುತ್ತಿದ್ದ ಹಣ ಅಲ್ಲಿಗೆ ನಿಂತಿತು. ಹಾಗಾಗಿ ದೇಶದೊಳಗಿನ ದಾನಿಗಳ ಹೊಣೆ ಹೆಚ್ಚಿದೆ. ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ಅದನ್ನು ಕನ್ನಡದಲ್ಲಿ ಗ್ರಾಮಸಭೆಯ ಮುಂದಿಡಲಿ, ಮಾಹಿತಿ ಕೊಟ್ಟ ಕಾರ್ಯಕರ್ತೆಯರ ಸಮಯಕ್ಕೆ ಸಂಭಾವನೆ ಕೊಡಲಿ, ಯಾದಗಿರಿಯ ಅಂಗನವಾಡಿಗೂ ಬೆಂಗಳೂರಿನ ಶೆಡ್ಡಿಗೂ ನಡುವೆ ಓಡಾಡುವ ಒಬ್ಬರ ಸಂಬಳವನ್ನು ಅನುದಾನದಲ್ಲೇ ಸೇರಿಸಲಿ.