ಸೂತ್ರಕ್ಕೆ ಸ್ಕಂದಗಿರಿ ಅಡ್ಡ ಬಂದಾಗ

ದ್ವಿತೀಯ ಪಿಯುಸಿ ಭೌತವಿಜ್ಞಾನದ ಎನ್‌ಸಿಇಆರ್‌ಟಿ ಪಠ್ಯದ ಕೊನೆಯಲ್ಲಿ ‘ಸಂವಹನ ವ್ಯವಸ್ಥೆಗಳು’ ಎಂಬ ಅಧ್ಯಾಯವಿತ್ತು. 2023-24ರ ಪರಿಷ್ಕೃತ ಪುಸ್ತಕದಲ್ಲಿ ಅದಿಲ್ಲ. ಕೈಬಿಟ್ಟದ್ದು ನಷ್ಟವೇ ಸರಿ. ಆದರೆ ಇದ್ದಾಗಲಾದರೂ ಅದು ಆಂಟೆನಾವನ್ನು ಸರಿಯಾಗಿ ಕಲಿಸುತ್ತಿತ್ತೇ? ಈ ಪ್ರಶ್ನೆಯನ್ನು ಚಿಕ್ಕಬಳ್ಳಾಪುರದ ಬಳಿಯ ಸ್ಕಂದಗಿರಿಯ ಬುಡದಲ್ಲಿ ನಿಂತು ಕೇಳುವುದು ಒಳ್ಳೆಯದು.

ಗೋಪುರದ ಎತ್ತರ h, ಭೂಮಿಯ ತ್ರಿಜ್ಯ R ಆದರೆ ತರಂಗ ತಲಪುವ ದೂರ √(2Rh) ಎಂದು ಅಧ್ಯಾಯ ಹೇಳುತ್ತಿತ್ತು. 32 ಮೀಟರ್ ಮತ್ತು 50 ಮೀಟರ್ ಎತ್ತರದ ಎರಡು ಆಂಟೆನಾಗಳ ಲೆಕ್ಕ ಕೊಟ್ಟು 45.5 ಕಿ.ಮೀ. ಎಂಬ ಉತ್ತರವನ್ನೂ ತೆಗೆದಿತ್ತು. ಗಣಿತ ತಪ್ಪಿಲ್ಲ. ಆದರೆ ಭೂಮಿ ಇಲ್ಲಿ ನುಣುಪಾದ ಚೆಂಡು, ಗಾಳಿಗೆ ವಕ್ರೀಭವನವೇ ಇಲ್ಲ. ವಾಯುಮಂಡಲ ತರಂಗವನ್ನು ಕೊಂಚ ಬಗ್ಗಿಸುವುದರಿಂದ ಎಂಜಿನಿಯರುಗಳು ತ್ರಿಜ್ಯವನ್ನು 4/3 ಪಟ್ಟು ಹೆಚ್ಚಿಸಿಕೊಳ್ಳುತ್ತಾರೆ. ಆಗ ದೂರ ಶೇ. 15ರಷ್ಟು ಬೆಳೆಯುತ್ತದೆ.

ಇದು ಸಣ್ಣ ಮಾತು. ದೊಡ್ಡದು ಬೆಟ್ಟ. ಸುಮಾರು 1450 ಮೀಟರ್ ಎತ್ತರದ ಸ್ಕಂದಗಿರಿ ಪಕ್ಕದ ಬಯಲಿಗಿಂತ 500 ಮೀಟರ್‌ನಷ್ಟು ಮೇಲಿದೆ. ಬೆಂಗಳೂರು ಅಲ್ಲಿಂದ ದಕ್ಷಿಣಕ್ಕೆ ನೇರ ಅಳತೆಯಲ್ಲಿ ಸುಮಾರು 50 ಕಿ.ಮೀ. ಬೆಟ್ಟದ ಉತ್ತರಕ್ಕೆ 5 ಕಿ.ಮೀ. ಆಚೆಗಿನ ಮನೆಗೆ ದೃಷ್ಟಿರೇಖೆ ಇಲ್ಲ. ಹಾಗಾದರೆ ಸಂಕೇತವೂ ಇಲ್ಲವೇ? ಇದೆ. ವಿವರ್ತನೆಯಿಂದ ತರಂಗ ಅಂಚನ್ನು ದಾಟಿ ಕೆಳಕ್ಕೆ ಬಾಗುತ್ತದೆ. ಶಿಖರವನ್ನು ಬಿಟ್ಟು, ದೃಷ್ಟಿರೇಖೆಗಿಂತ 300 ಮೀಟರ್ ಮೇಲಿರುವ ಒಂದು ಅಂಚನ್ನು ಚೂಪು ಎಂದು ಭಾವಿಸಿ ಲೆಕ್ಕ ಹಾಕಿದರೆ, 60 ಮೆಗಾಹರ್ಟ್ಸ್‌ನಲ್ಲಿ ನಷ್ಟ ಸುಮಾರು 22 ಡೆಸಿಬೆಲ್. 600 ಮೆಗಾಹರ್ಟ್ಸ್‌ನಲ್ಲಿ 32. ಅಂದರೆ ಹಳೆಯ ವಿಎಚ್‌ಎಫ್ ಟಿವಿಗೆ ಶಕ್ತಿಯ 160ರಲ್ಲಿ ಒಂದು ಪಾಲು ದಕ್ಕಿದರೆ, ಯುಎಚ್‌ಎಫ್‌ಗೆ 1,600ರಲ್ಲಿ ಒಂದು. ಬೆಟ್ಟ ಒಂದೇ, ತರಂಗಾಂತರ ಬೇರೆ! ವಿವರ್ತನೆಯ ಪಾಠವನ್ನು ಸೀಳುಗಂಡಿಗೂ ಸೋಡಿಯಂ ದೀಪಕ್ಕೂ ಕಟ್ಟಿಹಾಕಿದವರು ಇದನ್ನು ಹೇಳದೇ ಹೋದದ್ದು ನನಗೆ ಅರ್ಥವಾಗಿಲ್ಲ.

ಪಾಠದಲ್ಲಿ ಇಲ್ಲದ್ದನ್ನು ಅಂಗಡಿ ಕಲಿಸುತ್ತದೆ. ಚಿತ್ರ ಬಾರದಿದ್ದರೆ ‘ಬೂಸ್ಟರ್ ಹಾಕಿ’ ಎನ್ನುತ್ತಾರೆ. ಯುಎಚ್‌ಎಫ್‌ನಲ್ಲಿ ಸಾಮಾನ್ಯ ಟಿವಿ ಕೇಬಲ್ 30 ಮೀಟರ್‌ಗೆ ಸುಮಾರು 5 ಡೆಸಿಬೆಲ್ ನುಂಗುತ್ತದೆ. ಸಂಕೇತ ಅಷ್ಟು ಸೊರಗಿದ ಮೇಲೆ ಟಿವಿ ಹಿಂದೆ ವರ್ಧಕ ಇಟ್ಟರೆ ಗದ್ದಲವೂ ಅಷ್ಟೇ ಬೆಳೆಯುತ್ತದೆ. ಅದು ಇರಬೇಕಾದ್ದು ಕಂಬದ ಮೇಲೆ, ಆಂಟೆನಾದ ಬುಡದಲ್ಲಿ. ಇನ್ನೂ ಒಳ್ಳೆಯ ದಾರಿಯೆಂದರೆ ಟ್ಯೂನರ್ ಪೆಟ್ಟಿಗೆಯನ್ನೇ ಮಹಡಿಗೆ ಒಯ್ದು, ಅಲ್ಲಿಂದ ಲ್ಯಾನ್ ತಂತಿಯಲ್ಲಿ ಮನೆಯ ರೌಟರಿಗೆ ಕೊಡುವುದು: ಅಂಕೀಯ ಸಂಕೇತ ಆ ತಂತಿಯಲ್ಲಿ 100 ಮೀಟರ್‌ವರೆಗೆ ಕೆಡದೆ ಸಾಗುತ್ತದೆ. ಕಲ್ಲುಗೋಡೆಯ ಮನೆಯಲ್ಲಿ ವೈ-ಫೈಯನ್ನು ಕೊನೆಯ ಕೋಣೆಗಷ್ಟೇ ನಂಬಬೇಕು. ‘ಡಿಜಿಟಲ್ ಆಂಟೆನಾ’ ಎಂಬ ಹೆಸರಿಗಂತೂ ಭೌತವಿಜ್ಞಾನದಲ್ಲಿ ಅರ್ಥವೇ ಇಲ್ಲ. ಲೋಹದ ಕಡ್ಡಿಗೆ ಆವೃತ್ತಿ ಗೊತ್ತೇ ಹೊರತು ಅದರ ಮೇಲೆ ಏನು ಹೇರಿದೆ ಎಂಬುದು ಗೊತ್ತಿಲ್ಲ.

ದೂರದರ್ಶನದ ಅನಲಾಗ್ ಪ್ರಸಾರ 2022ರ ಹೊತ್ತಿಗೆ ಬಹುಪಾಲು ನಿಂತಿತು, ಇನ್ನೇಕೆ ಈ ಪಾಠ ಎನ್ನಬಹುದು. ಡಿಡಿ ಫ್ರೀ ಡಿಶ್‌ನ ತಟ್ಟೆಯನ್ನು ನೋಡಿ. ಪೂರ್ವ ರೇಖಾಂಶ 93.5 ಡಿಗ್ರಿಯ ಮೇಲಿರುವ ಉಪಗ್ರಹ ಚಿಕ್ಕಬಳ್ಳಾಪುರಕ್ಕೆ ಆಗ್ನೇಯದಲ್ಲಿ, ಸುಮಾರು 66 ಡಿಗ್ರಿ ಎತ್ತರದಲ್ಲಿ ಕಾಣಬೇಕು. ಒಂದು ಕಿ.ಮೀ. ದೂರದಿಂದ ನೋಡಿದರೂ 500 ಮೀಟರ್ ಬೆಟ್ಟ ಏಳುವುದು 27 ಡಿಗ್ರಿಯಷ್ಟೇ. ಗೋಪುರವನ್ನು ಮರೆಮಾಡಿದ ಸ್ಕಂದಗಿರಿ ಉಪಗ್ರಹಕ್ಕೆ ಅಡ್ಡಿಯಲ್ಲ ಎಂಬುದನ್ನು ವಿದ್ಯಾರ್ಥಿ ಕೋನಮಾಪಕ ಹಿಡಿದೇ ತೋರಿಸಬಲ್ಲ.

ಇದೇ ಜಿಲ್ಲೆಯ ಗೌರಿಬಿದನೂರಿನಲ್ಲಿ 1,000 ದ್ವಿಧ್ರುವಗಳನ್ನು ‘ಟಿ’ ಆಕಾರದಲ್ಲಿ ಹರಡಿ 34.5 ಮೆಗಾಹರ್ಟ್ಸ್‌ನ ದೂರದರ್ಶಕ ಕಟ್ಟಿದ್ದರು. ಸೂರ್ಯನನ್ನು ನೋಡಲು 1997ರಲ್ಲಿ ಅಲ್ಲಿ ಶುರುವಾದ ರೇಡಿಯೋಹೀಲಿಯೋಗ್ರಾಫ್‌ನ ಲಾಗ್-ಪೀರಿಯಾಡಿಕ್ ಆಂಟೆನಾಗಳು ಮಾಳಿಗೆಯ ಮೇಲಿನ ಟಿವಿ ಆಂಟೆನಾದ ದಾಯಾದಿಗಳೇ. ಮಾಳಿಗೆಯಲ್ಲಿ ತುಕ್ಕು ಹಿಡಿಯುತ್ತಿರುವ ಅಂಥ ಆಂಟೆನಾ ಸಿಕ್ಕರೆ ತರಗತಿಗೆ ತರಿಸಿ. ಕಡ್ಡಿಗಳ ಉದ್ದವನ್ನು ಟೇಪಿನಲ್ಲಿ ಅಳೆಸಿ, ಎರಡರಿಂದ ಗುಣಿಸಿ, ತರಂಗಾಂತರ ಎಷ್ಟೆಂದು ಕೇಳಿ.