ನಗೆಗೆ ಅಂಜುವವರು

ಅತ್ತಾವರದಲ್ಲಿ ಜಡಿಮಳೆ ಹಿಡಿಯಿತೆಂದರೆ ಮನೆಯೇ ಗತಿ. ಅಂಥದೊಂದು ಸಂಜೆ, ರಜೆಗೆ ಬಂದಿದ್ದ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಾರ್ಲಿ ಚಾಪ್ಲಿನ್ನನ ‘ದಿ ಇಮಿಗ್ರಂಟ್’ ಎಂಬ 1917ರ ಮೂಕಚಿತ್ರವನ್ನು ಮತ್ತೊಮ್ಮೆ ನೋಡಿದೆ. ಅರ್ಧ ಗಂಟೆಯೂ ತುಂಬದ ಚಿತ್ರ. ಬಡ ವಲಸೆಗಾರರನ್ನು ಹೊತ್ತ ಹಡಗು ನ್ಯೂಯಾರ್ಕನ್ನು ಸಮೀಪಿಸುತ್ತದೆ. ದೂರದಲ್ಲಿ ಸ್ವಾತಂತ್ರ್ಯದೇವಿಯ ಪ್ರತಿಮೆ ಕಾಣುತ್ತದೆ. ಎಲ್ಲರೂ ಕಣ್ಣರಳಿಸಿ ನೋಡುತ್ತಿರುವಾಗಲೇ ಅಧಿಕಾರಿಗಳು ಬಂದು ಅವರನ್ನು ದನಗಳ ಹಾಗೆ ಹಗ್ಗಕ್ಕೆ ಒತ್ತಿ ನಿಲ್ಲಿಸುತ್ತಾರೆ. ಚಾರ್ಲಿ ಪ್ರತಿಮೆಯನ್ನು ಇನ್ನೊಮ್ಮೆ ನೋಡುತ್ತಾನೆ. ಆಮೇಲೆ ಸಮಯ ಸಾಧಿಸಿ ಒಬ್ಬ ಅಧಿಕಾರಿಗೆ ಹಿಂದಿನಿಂದ ಒಂದು ಒದೆ ಕೊಡುತ್ತಾನೆ.

ಹುಡುಗ ಬಿದ್ದು ಬಿದ್ದು ನಕ್ಕ. ನಕ್ಕು ಮುಗಿದ ಮೇಲೆ, “ಅಜ್ಜ, ಅವನಿಗೆ ಹೆದರಿಕೆ ಇಲ್ಲವಾ?” ಎಂದು ಕೇಳಿದ.

ಆ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲಾರದೆ ಹೋದೆ. ಚಾರ್ಲಿಗೆ ಹೆದರಿಕೆ ಇಲ್ಲದೆ ಇಲ್ಲ. ಪೊಲೀಸನನ್ನು ಕಂಡರೆ ಅವನು ಓಡುವಷ್ಟು ವೇಗವಾಗಿ ಇನ್ನಾರೂ ಓಡಲಾರರು. ಅವನಲ್ಲಿ ಇಲ್ಲದ್ದು ಬೇರೆ. ಅಧಿಕಾರ ತನಗಿಂತ ಬಲವಾದದ್ದೆಂದು ಅವನು ಒಪ್ಪುತ್ತಾನೆ. ತನಗಿಂತ ದೊಡ್ಡದೆಂದು ಮಾತ್ರ ಒಪ್ಪುವುದಿಲ್ಲ. 1936ರ ‘ಮಾಡರ್ನ್ ಟೈಮ್ಸ್’ ಚಿತ್ರದಲ್ಲಿ ಲಾರಿಯಿಂದ ಬಿದ್ದ ಕೆಂಪು ಬಾವುಟವೊಂದನ್ನು ಹಿಂದಿರುಗಿಸಲೆಂದು ಎತ್ತಿ ಬೀಸುತ್ತಾನೆ. ಅಷ್ಟರಲ್ಲಿ ಹಿಂದಿನಿಂದ ಕಾರ್ಮಿಕರ ಮೆರವಣಿಗೆ ಬಂದು ಸೇರುತ್ತದೆ. ಪೊಲೀಸರು ಇವನನ್ನೇ ಮುಂದಾಳೆಂದು ಹಿಡಿದೊಯ್ಯುತ್ತಾರೆ. ಅವನಿಗೆ ವಾದವಿಲ್ಲ, ಪಕ್ಷವಿಲ್ಲ. ಆದರೂ ಆ ಒಂದು ನಿಮಿಷದಲ್ಲಿ ದಂಡಾಧಿಕಾರದ ದಡ್ಡತನವೆಲ್ಲ ಬಯಲಾಗುತ್ತದೆ.

ಈ ಕಾರಣದಿಂದಲೇ, ಬಹಳ ಜನ ಮೆಚ್ಚುವ ‘ದಿ ಗ್ರೇಟ್ ಡಿಕ್ಟೇಟರ್’ (1940) ಚಿತ್ರದ ಕೊನೆಯ ಭಾಷಣ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅಲ್ಲಿನ ಮಾತುಗಳು ಸುಳ್ಳೆಂದಲ್ಲ. ಆ ಕಾಲಕ್ಕೆ ಅವನ್ನು ಹೇಳಲು ಧೈರ್ಯವೂ ಬೇಕಿತ್ತು. ಆದರೆ ಸರ್ವಾಧಿಕಾರಿ ಭೂಗೋಲದ ಬಲೂನನ್ನು ಮುದ್ದಿಸುತ್ತ ಕುಣಿದು, ಕೊನೆಗೆ ಅದು ಕೈಯಲ್ಲೇ ಒಡೆದುಹೋಗುವ ದೃಶ್ಯ ಎಲ್ಲವನ್ನೂ ಆಗಲೇ ಹೇಳಿ ಮುಗಿಸಿದೆ. ನಗೆಗಾರ ಉಪದೇಶಕ್ಕೆ ನಿಂತನೆಂದರೆ ಅವನೂ ಒಂದು ಪೀಠವನ್ನೇರಿದಂತೆಯೇ.

ಪೀಠವೇರಿದ ಅರಸನ ಮುಂದೆ ನಿಂತು ನಗಿಸುವುದು ಕರಾವಳಿಯವರಾದ ನಮಗೆ ಹೊಸತೇನಲ್ಲ. ಯಕ್ಷಗಾನದ ಹಾಸ್ಯಗಾರ ಕಿರೀಟವಿಲ್ಲದೆ ರಂಗಕ್ಕೆ ಬಂದು ಕಿರೀಟಧಾರಿಯ ಬಾಯಿ ಕಟ್ಟಿಸಬಲ್ಲ. ಪೆರುವೋಡಿ ನಾರಾಯಣ ಭಟ್ಟರ ಪಾಪಣ್ಣನನ್ನು ಕಂಡವರಿಗೆ, ಮಿಜಾರು ಅಣ್ಣಪ್ಪನವರ ತುಳು ಮಾತು ಕೇಳಿದವರಿಗೆ, ಚಾರ್ಲಿಯ ಗುರುತು ಹೇಳಿಕೊಡಬೇಕಾಗಿಲ್ಲ. ಆದರೆ ಬೆಳಗಾಗಿ ಮಂಗಳ ಹಾಡುವ ಹೊತ್ತಿಗೆ ಅರಸು ಅರಸಾಗಿಯೇ ಉಳಿಯುತ್ತಾನೆ. ಸಭೆಗೂ ಅದರಿಂದ ಸಮಾಧಾನ. ನಗೆಯ ಬಾಣ ಸಭೆಯ ಕಡೆಗೇ ತಿರುಗಿದರೆ ಏನಾಗುತ್ತದೆ?

ಕನ್ನಡದಲ್ಲಿ ಹಾಗೆ ತಿರುಗಿಸಿದ ಚಿತ್ರಗಳಲ್ಲಿ 1990ರ ‘ಉದ್ಭವ’ವನ್ನು ನಾನು ಮೊದಲು ನೆನೆಯುತ್ತೇನೆ. ಬಿ.ವಿ. ವೈಕುಂಠರಾಜು ಅವರ ಕಾದಂಬರಿಯನ್ನು ಕೋಡ್ಲು ರಾಮಕೃಷ್ಣ ತೆರೆಗೆ ತಂದರು. ಅಗಲವಾಗಬೇಕಾದ ಒಂದು ರಸ್ತೆ, ಅಲ್ಲಿ ‘ಉದ್ಭವಿಸುವ’ ಒಬ್ಬ ಗಣಪತಿ, ಎಲ್ಲದರ ಹಿಂದೆ ಒಬ್ಬ ಜಾಣ ಮಧ್ಯವರ್ತಿ. ಆ ಮಧ್ಯವರ್ತಿಯಾಗಿ ಅನಂತನಾಗ್ ದನಿಯೇರಿಸದೆ, ಯಾರನ್ನೂ ನೋಯಿಸದವನ ಹಾಗೆ, ಊರನ್ನೆಲ್ಲ ಕುಣಿಸುತ್ತಾರೆ. ಇಲ್ಲಿ ನಾವು ನಗುವುದು ನಗರಸಭೆಯನ್ನು ನೋಡಿ ಮಾತ್ರವಲ್ಲ. ಕೈಮುಗಿದು ನಿಂತ ಗುಂಪಿನಲ್ಲಿ ನಮ್ಮ ಮುಖವೂ ಇದೆ. ಕಚೇರಿಯ ಆಜ್ಞೆಯನ್ನಾದರೂ ಪ್ರಶ್ನಿಸಬಹುದು. ಗುಂಪಿನ ನಂಬಿಕೆಯನ್ನು ಪ್ರಶ್ನಿಸುವವರಾರು? ಈ ದೊರೆತನಕ್ಕೆ ಸಮವಸ್ತ್ರವಿಲ್ಲ, ಆದ್ದರಿಂದ ಹಿಂದಿನಿಂದ ಒದೆಯಲೂ ಬರುವುದಿಲ್ಲ.

ಇದು ಬರಿಯ ಕಥೆಯ ಮಾತಲ್ಲ. 2009ರಲ್ಲಿ ಉಡುಪಿ ಜಿಲ್ಲೆಯ ಬೈಂದೂರಿನ ಹತ್ತಿರ, ಒತ್ತಿನೆಣೆಯ ಕಡಲ ಬದಿಯಲ್ಲಿ, ನಿರ್ದೇಶಕ ಹೇಮಂತ್ ಹೆಗಡೆ ತಮ್ಮ ‘ಹೌಸ್‌ಫುಲ್’ ಚಿತ್ರಕ್ಕಾಗಿ 60 ಅಡಿಗೂ ಮಿಕ್ಕ ಚಾಪ್ಲಿನ್ ಪ್ರತಿಮೆಯನ್ನು ನಿಲ್ಲಿಸಲು ಹೊರಟರು. ಸ್ಥಳೀಯರಲ್ಲಿ ಕೆಲವರು ತಡೆದರು. ಚಾಪ್ಲಿನ್ ಕ್ರೈಸ್ತ, ಸಮೀಪದಲ್ಲಿ ದೇವಸ್ಥಾನವಿದೆ ಎಂಬುದು ಅವರ ಆಕ್ಷೇಪ. ಪ್ರತಿಮೆ ಅಲ್ಲಿ ಏಳಲಿಲ್ಲ. ಕಡಲತೀರದಲ್ಲಿ ಅಷ್ಟೆತ್ತರದ ಬೊಂಬೆ ಯಾಕೆ ಎಂದು ಕೇಳಿದ್ದರೆ ನಾನೂ ದನಿಗೂಡಿಸುತ್ತಿದ್ದೆನೋ ಏನೋ. ಆದರೆ ಕೇಳಿದ್ದು ಅದಲ್ಲ; ನಗೆಗಾರನ ಜಾತಿಯನ್ನು.

ನಾವು ಮಾತ್ರ ಹೀಗೆಂದು ತಲೆತಗ್ಗಿಸಬೇಕಾಗಿಯೂ ಇಲ್ಲ. 1952ರಲ್ಲಿ ಚಾಪ್ಲಿನ್ ಲಂಡನ್ನಿಗೆ ಹಡಗಿನಲ್ಲಿ ಹೊರಟಿದ್ದಾಗ, ಅಮೆರಿಕ ಅವನ ಮರುಪ್ರವೇಶದ ಪರವಾನಗಿಯನ್ನು ರದ್ದು ಮಾಡಿತು. ಅಂದು ಅಲ್ಲಿ ಕೇಳಿದ್ದು ಅವನ ರಾಜಕೀಯವನ್ನು ಮತ್ತು ನಡತೆಯನ್ನು. ಸ್ವಾತಂತ್ರ್ಯದೇವಿಯ ಎದುರಿಗೆ 1917ರಲ್ಲಿ ಅವನು ತೋರಿಸಿದ ಹಗ್ಗ ಮೂವತ್ತೈದು ವರ್ಷಗಳ ಮೇಲೆ ಅವನಿಗೇ ಅಡ್ಡ ಬಂತು. ಆ ನಾಡಿಗೆ ಅವನು ಮತ್ತೆ ಕಾಲಿಟ್ಟದ್ದು 1972ರಲ್ಲಿ, ಆಸ್ಕರ್ ಗೌರವವನ್ನು ಸ್ವೀಕರಿಸಲು. ಹೊರಗಿಟ್ಟವರೇ ಎದ್ದುನಿಂತು ಚಪ್ಪಾಳೆ ತಟ್ಟುವುದಕ್ಕೆ ಇಪ್ಪತ್ತು ವರ್ಷ ಬೇಕಾಯಿತು.

ಒತ್ತಿನೆಣೆಯಲ್ಲಿ ನಡೆದದ್ದಕ್ಕೂ ಈಗ ಅಷ್ಟೇ ಹತ್ತಿರದ ಕಾಲ ಸಂದಿದೆ. ಪ್ರತಿಮೆ ಬೇಡ, ಆ ಚಿತ್ರಗಳನ್ನು ಮನೆಯ ಮಕ್ಕಳೊಡನೆ ಕೂತು ನೋಡಿದರೆ ಸಾಕು. ಆದರೆ ಅಧಿಕಾರಿ ಒದೆ ತಿಂದಾಗ ನಗುವುದು ಸುಲಭ. ನಮ್ಮ ಗುಂಪು ಒದೆ ತಿಂದಾಗಲೂ ನಗಲು ಬಂದರೆ ಮಾತ್ರ ಚಾರ್ಲಿ ನಮಗೆ ಅರ್ಥವಾದನೆನ್ನಬಹುದು.

ಮೊಮ್ಮಗನಿಗೆ ಮರುದಿನ ಉತ್ತರ ಹೇಳಿದೆ: “ಹೆದರಿಕೆ ಉಂಟು ಮಗಾ. ಆದರೂ ಒದ್ದ.” ಅವನು ಸ್ವಲ್ಪ ಯೋಚಿಸಿ, ಆ ಚಿತ್ರವನ್ನೇ ಇನ್ನೊಮ್ಮೆ ಹಾಕಲು ಹೇಳಿದ.