ಆಮ್ಲಜನಕ ದೊರೆಯಿತು, ಸೋಂಕು ತಗ್ಗಲಿಲ್ಲ

ಹೆಚ್ಚು ಆಮ್ಲಜನಕ ಹಾಯಿಸುವ ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿಗೆ ಹೆಚ್ಚು ಸುರಕ್ಷಿತ ಎಂಬ ಮಾತನ್ನು ನೀವು ಕೇಳಿರಬಹುದು. ಈ ಮಾತಿನ ಒಂದು ಭಾಗ ನಿಜ. ಇನ್ನೊಂದು ಭಾಗ ಪರಿಶೀಲನೆಗೆ ನಿಲ್ಲುವುದಿಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ಕಣ್ಣು ತೆರೆದಿರುವಾಗ ಗಾಳಿಯ ಆಮ್ಲಜನಕವು ಕಣ್ಣೀರಿನಲ್ಲಿ ವಿಲೀನಗೊಂಡು ಅದನ್ನು ತಲುಪುತ್ತದೆ. ನಡುವೆ ಲೆನ್ಸ್ ಇದ್ದರೆ ಅನಿಲ ಅದರ ಮೂಲಕ ವಿಸರಣಗೊಳ್ಳಬೇಕು. ಪದಾರ್ಥದ ಪಾರಗಮ್ಯತೆಯನ್ನು ಲೆನ್ಸ್‌ನ ದಪ್ಪದಿಂದ ಭಾಗಿಸಿದರೆ ಅದರ ಸಾಮರ್ಥ್ಯ ತಿಳಿಯುತ್ತದೆ. ಹಳೆಯ ಹೈಡ್ರೋಜೆಲ್‌ಗಳಲ್ಲಿ ಆಮ್ಲಜನಕ ಸಾಗುವುದು ಅವುಗಳಲ್ಲಿರುವ ನೀರಿನ ಮೂಲಕ. 1999ರ ವೇಳೆಗೆ ಮಾರುಕಟ್ಟೆಗೆ ಬಂದ ಸಿಲಿಕೋನ್ ಹೈಡ್ರೋಜೆಲ್‌ಗಳಲ್ಲಿ ಅದು ಮುಖ್ಯವಾಗಿ ಸಿಲಿಕೋನ್ ಮೂಲಕ ಹಲವು ಪಟ್ಟು ಸುಲಭವಾಗಿ ಸಾಗುತ್ತದೆ. ಇದರಿಂದ ಆಮ್ಲಜನಕದ ಕೊರತೆಯಿಂದಾಗುವ ಕಾರ್ನಿಯದ ಬಾವು ಬಹುಮಟ್ಟಿಗೆ ತಗ್ಗಿತು.

ಸೋಂಕೂ ತಗ್ಗುವುದೆಂಬ ನಿರೀಕ್ಷೆ ಇತ್ತು. ಅಂಕಿಗಳನ್ನು ನೋಡಿ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ರಾತ್ರಿಯೂ ಮೃದು ಲೆನ್ಸ್ ಧರಿಸುವ 10,000 ಜನರಲ್ಲಿ ವರ್ಷಕ್ಕೆ ಸುಮಾರು 21 ಮಂದಿಗೆ ಕಾರ್ನಿಯದ ಹುಣ್ಣು ಕಂಡುಬಂದಿತ್ತು. ಹಗಲು ಮಾತ್ರ ಧರಿಸುವವರಲ್ಲಿ ಇದು ಸುಮಾರು 4. 2008ರ ಆಸ್ಟ್ರೇಲಿಯದ ಅಧ್ಯಯನದಲ್ಲಿ, ರಾತ್ರಿ ಧರಿಸುವವರಿಗೆ ತಗಲಿದ ಕಾರ್ನಿಯದ ಸೋಂಕು ಹಳೆಯ ಬಗೆಯ ಮೃದು ಲೆನ್ಸ್‌ನಲ್ಲಿ 19.5, ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ 25.4. ಇದನ್ನು ಏರಿಕೆ ಎನ್ನಬಾರದು. ಪ್ರಕರಣಗಳು ಕಡಿಮೆ ಇರುವುದರಿಂದ ಅಷ್ಟು ವ್ಯತ್ಯಾಸ ಅನಿಶ್ಚಿತತೆಯ ಮಿತಿಯೊಳಗೇ ಇದೆ. ಆದರೆ ಇಳಿಕೆಯಾಯಿತು ಎನ್ನಲೂ ಆಧಾರವಿಲ್ಲ.

ಕಾರಣವೇನು? ಸೋಂಕಿಗೆ ಸೂಕ್ಷ್ಮಜೀವಿ ಬೇಕು. ಅದು ಬರುವುದು ಕೈಯಿಂದ, ನಲ್ಲಿ ನೀರಿನಿಂದ, ಲೆನ್ಸ್ ಇಡುವ ಡಬ್ಬಿಯಿಂದ. ತೇವವಿರುವೆಡೆ ಬೆಳೆಯುವ ಸ್ಯೂಡೋಮೊನಾಸ್ ಏರುಜಿನೋಸ ಡಬ್ಬಿಯ ಗೋಡೆಗೆ ಲೋಳೆಯ ಪದರವಾಗಿ ಅಂಟಿಕೊಳ್ಳುತ್ತದೆ. ದ್ರಾವಣದಲ್ಲಿ ತೇಲುವ ಜೀವಿಗಳನ್ನು ಕೊಲ್ಲುವ ಸೋಂಕುನಿವಾರಕ ಆ ಪದರದೊಳಗೆ ಅಷ್ಟು ಪರಿಣಾಮ ಬೀರದು. ನಿದ್ರೆಯಲ್ಲಿ ರೆಪ್ಪೆ ಬಡಿಯದೆ ಲೆನ್ಸ್‌ನಡಿಯ ಕಣ್ಣೀರು ಬದಲಾಗುವುದಿಲ್ಲ. ಬ್ಯಾಕ್ಟೀರಿಯಕ್ಕೆ ನೆಲೆಯೂರಲು ಸಮಯ ಸಿಗುತ್ತದೆ. ಪಾರಗಮ್ಯತೆ ಎಷ್ಟೇ ಇರಲಿ, ಇವಾವುವೂ ಬದಲಾಗವು.

ಆದ್ದರಿಂದ ಪೊಟ್ಟಣದ ಮೇಲಿನ ಆಮ್ಲಜನಕದ ಅಂಕಿಯನ್ನು ಸುರಕ್ಷತೆಯ ಅಳತೆಯೆಂದು ಭಾವಿಸಬೇಡಿ. ಲೆನ್ಸ್ ಧರಿಸಿ ಮಲಗಬೇಡಿ. ಕೈ ತೊಳೆದು ಒರೆಸಿಕೊಂಡ ಮೇಲೆಯೇ ಅದನ್ನು ಮುಟ್ಟಿ. ನಲ್ಲಿ ನೀರು ತಾಗಿಸಬೇಡಿ. ಹಳೆಯ ದ್ರಾವಣಕ್ಕೆ ಹೊಸದನ್ನು ಬೆರೆಸದೆ ಪೂರ್ತಿ ಚೆಲ್ಲಿ, ಡಬ್ಬಿಯನ್ನು ಮೂರು ತಿಂಗಳಿಗೊಮ್ಮೆಯಾದರೂ ಬದಲಿಸಿ. ಕಣ್ಣು ಕೆಂಪಾಗಿ ನೋವು ಬಂದರೆ ಲೆನ್ಸ್ ತೆಗೆದು ಅಂದೇ ನೇತ್ರವೈದ್ಯರನ್ನು ಕಾಣಿ. ಸ್ಯೂಡೋಮೊನಾಸ್ ಸೋಂಕು ಒಂದೆರಡು ದಿನಗಳಲ್ಲೇ ದೃಷ್ಟಿಗೆ ಕುಂದು ತರಬಲ್ಲದು.

ಅಧ್ಯಾಪಕರು ವಿಸರಣದ ಪಾಠದಲ್ಲಿ ಈ ಉದಾಹರಣೆಯನ್ನು ಬಳಸಬಹುದು. ಲೆನ್ಸ್‌ನ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಸೋಂಕನ್ನು ನಿರ್ಧರಿಸುವ ಚರಗಳು ಆ ಲೆಕ್ಕದಲ್ಲಿ ಇರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಳ್ಳಲಿ.